ಸಾವಿರ ಸೂಡು

ವಿಜಯಪುರದ ಬಸ್‌ಸ್ಟ್ಯಾಂಡಿನ ಮೈಕಿನ ಮುಂದ
ಹತ್ತೊಂಬತ್ತು ವರ್ಷ ಕೂತೀನಿ.
ನನ್ನ ದನಿ ಎಲ್ಲಾರಿಗೂ ಗೊತ್ತು, ಮಾರಿ ಯಾರಿಗೂ ಗೊತ್ತಿಲ್ಲ.
"ಪ್ರಯಾಣಿಕರ ಗಮನಕ್ಕೆ" ಅಂತೀನಿ,
ಗಮನ ಅನ್ನೂದು ಎಲ್ಲಿ ಹೋಗಿರತದೋ.
ತಾಳಿಕೋಟಿ, ಸಿಂದಗಿ, ಇಂಡಿ, ಮುದ್ದೇಬಿಹಾಳ:
ಹೇಳಿ ಹೇಳಿ ನಾಲಿಗಿ ಒಂದು ನಕಾಶಿ ಆಗೇತಿ,
ಆ ಊರುಗಳ ನೀರಿನ ರುಚಿ ಮಾತ್ರ ಅದಕ್ಕ ಗೊತ್ತಿಲ್ಲ.

ರಜಿಸ್ಟರಿನ ಹಿಂದಿನ ಹಾಳಿಗಳೊಳಗ
ನಂದೊಂದು ಕಳ್ಳ ಲೆಕ್ಕ ಐತಿ.
ಮುಂಜಾನೆ ಆರೂ ಹತ್ತರ ಚಡಚಣದ ಗಾಡಿ
ಲಾಳೇಸಾಬ ಜಮಾದಾರ ತಗೊಂಡು ಹೋದಾಗೊಮ್ಮೆ
ಒಂದು ಗೀಟು.
ನಾಕು ಗೀಟಿಗೆ ಅಡ್ಡ ಒಂದು,
ಐದಕ್ಕೊಂದು ಕಟ್ಟು, ಕಣಿಕಿ ಸೂಡಿನಂಗ.
ಯಾಕ ಶುರು ಮಾಡಿದ್ನೋ.
ಬಂದ ಮೊದಲನೇ ದಿನ ಅಂವ ಕಿಟಕಿಗೆ ಬಗ್ಗಿ
"ಸಾಹೇಬ್ರ, ಊರ ಹೆಸರು ಚೊಲೋ ಹೇಳ್ತೀರಿ" ಅಂದಿದ್ದ.
ಅದ ಇದ್ದೀತು.

ಹೋದ ಮಂಗಳವಾರ ಸಾವಿರ ಸೂಡು ತುಂಬಿದವು.
ಐದು ಸಾವಿರ ಸಲ.
ಒಬ್ಬ ಮನಷ್ಯಾನೂ ಅವನ ಗಾಲಿಗೆ ಸಿಕ್ಕಿಲ್ಲ.
ಹೊರ್ತಿ ದಾಟಿದ ಮ್ಯಾಲೆ ಒಂದು ಕುರಿಮರಿ ಸಿಕ್ಕಿತ್ತು,
ಅವತ್ತು ಬುತ್ತಿ ಬಿಚ್ಚಲಿಲ್ಲಂತ, ಕಂಡಕ್ಟರ್ ಬಿರಾದಾರ ಹೇಳಿದ.
ಎಸ್ಸೆಸ್ಸೆಲ್ಸಿ ಪರೀಕ್ಷಾದ ದಿನಗಳೊಳಗ
ಓಡಿ ಬರೂ ಹುಡುಗೂರಿಗೆ ಎರಡು ನಿಮಿಷ ನಿಂದ್ರಿಸಿದ್ದ.
ಆ ಎರಡು ನಿಮಿಷ ನಾನೂ ಬರದಿಲ್ಲ.

ಅವತ್ತು ಆರೂ ಎಂಟು.
ಮೈಕಿನ ಗುಂಡಿ ಒತ್ತಿದೆ. ಗಂಟಲು ಒಣಗಿತು,
ಹತ್ತೊಂಬತ್ತು ವರ್ಷದೊಳಗ ಮೊದಲನೇ ಸಲ.

"ಪ್ರಯಾಣಿಕರ ಗಮನಕ್ಕೆ.
ನಾಕನೇ ಪ್ಲಾಟ್‌ಫಾರ್ಮಿನ ಚಡಚಣದ ಗಾಡಿ
ಇವತ್ತು ಐದು ಸಾವಿರನೇ ಸಲ ಹೊಂಟೈತಿ,
ಅದ ಡ್ರೈವರನ ಕೈಯೊಳಗ.
ಅವನ ಹೆಸರು ಲಾಳೇಸಾಬ.
ಹೊತ್ತಿದ್ರ ಒಮ್ಮೆ ಅವನ ಮಾರಿ ನೋಡ್ರಿ."

ಚಪ್ಪಾಳಿ? ಎಲ್ಲೀದು.
"ಏನಂದ? ಗಾಡಿ ಕ್ಯಾನ್ಸಲ್ ಆತೇನು?"
ಯಾರೋ ಒಬ್ಬಾಂವ ಗಾಬರಿಯಾಗಿ ಕೇಳಿದ.
ಕಸಾ ಹೊಡಿಯೂ ಚಂದವ್ವ ಬಾರಿಗಿ ನಿಂದ್ರಿಸಿದಳು.
ಆಮ್ಯಾಲೆ ಮೂರನೇ ಸೀಟಿನಿಂದ ಒಬ್ಬ ಮುದುಕಿ
ಕಂಬ ಹಿಡಕೊಂಡು ಮುಂದ ಬಂದು
ಬಾನೆಟ್ಟಿನ ಮ್ಯಾಲೆ ಎರಡು ಪೇರಲ ಇಟ್ಟಳಂತ:
"ಇಷ್ಟು ವರ್ಷ ನಿನ್ನ ಬೆನ್ನು ನೋಡಕೋತ ಬಂದೀನಿ ತಮ್ಮಾ.
ಬೆನ್ನು ಕಂಡ್ರ ಸಂತ್ಯಾಗೂ ಗುರುತು ಹಿಡೀತೀನಿ.
ಮಾರಿ ಇವತ್ತು ನೋಡಿದೆ."

ಲಾಳೇಸಾಬ ಇಳದು ದಬದಬ ನಡಕೊಂಡು
ನನ್ನ ಕಿಟಕಿಗೆ ಬಂದ. ಮಾರಿ ಕೆಂಪಗ.
"ಏನ್ರೀ ಇದು? ನಾಕು ಮಂದ್ಯಾಗ ಹಿಂಗ?
ಆರೂ ಹನ್ನೆರಡು ಆತು. ನಿಮ್ಮಿಂದ ಗಾಡಿ ತಡಾ ಆತು.
ಬರಕೋರಿ."
ಬರಕೊಂಡೆ.
ಅಂವ ಹೋದ ಮ್ಯಾಲೆ ನೋಡ್ತೀನಿ,
ಕಿಟಕಿ ಕಟ್ಟಿ ಮ್ಯಾಲೆ ಒಂದು ಪೇರಲ.

ಸಂಜಿಕ ಡಿಪೋದಿಂದ ಮೆಮೋ ಬಂತು:
ಧ್ವನಿವರ್ಧಕದ ದುರುಪಯೋಗ,
ಮೂರು ದಿನದೊಳಗ ಉತ್ತರಾ ಕೊಡಬೇಕು.
"ಹೌದು, ಮಾಡೀನಿ" ಅಂತ ಬರದೆ.
ಇನ್ನೊಂದು ಸಾಲು ಬರಿಯಾಕ ಹೋಗಿ
ಪೆನ್ನು ಎತ್ತಿದೆ. ಯಾವ ಸಾಲು ಅಂತ ಗೊತ್ತಾಗಲಿಲ್ಲ.

ಮರುದಿನ ಆರೂ ಹತ್ತಕ್ಕ ಗೀಟು ಎಳಿಯೂ ಹೊತ್ತಿಗೆ
ಚಂದವ್ವ ಬಾಗಿಲಾಗ ನಿಂತಿದ್ಲು, ಬಾರಿಗಿ ಹೆಗಲ ಮ್ಯಾಲೆ.
ನಗಕೋತ ಕೇಳಿದ್ಲು. ನಗಿ ಪೂರಾ ನಗಿ ಅಲ್ಲ:
"ನಂದೂ ಬರದಿಯೇನಪಾ?
ನೀ ಈ ಕುರ್ಚಿಗೆ ಬರೂ ಮದಲ
ಈ ಕುರ್ಚಿ ಕೆಳಗ ಕಸಾ ಹೊಡದಾಕಿ ನಾನು."

ಹತ್ತೊಂಬತ್ತು ವರ್ಷ ದಿನಾ ಎರಡು ಸಲ
ಕಾಲು ಎತ್ತಿ ಕೊಟ್ಟೀನಿ ಆಕಿಗೆ,
ತಲಿ ಎತ್ತಿ ನೋಡಿಲ್ಲ.

"ಎಷ್ಟು ದಿನ ಆತವ್ವಾ?" ಅಂದೆ.
"ನನಗೇನು ಗೊತ್ತು. ಎಣಿಸಾಂವ ನೀನು."

ಹೊಸಾ ಹಾಳಿ ತಿರುವಿದೆ.
ಮ್ಯಾಲೆ ಆಕಿ ಹೆಸರು ಬರದೆ, ಅಡ್ಡೆಸರು ಕೇಳಿ ಬರದೆ.
ಕೆಳಗ ಒಂದು ಗೀಟು.