ಕೈಪಿಡಿ

ಪೆನ್ಷನ್ ಮೊಹಲ್ಲಾದಲ್ಲಿ ಪೆನ್ಷನ್ ಇಲ್ಲದ ಸಿಪಾಯಿ
ಇನಾಯತುಲ್ಲಾ ಚಾಚಾ ಒಬ್ಬರೇ.
ಸಿಪಾಯಿಯೂ ಅಲ್ಲ ಕಣೋ, ಅನ್ನುತ್ತಿದ್ದರು, ಗುತ್ತಿಗೆ ಮೆಕ್ಯಾನಿಕ್ಕು.
ಹನ್ನೊಂದು ವರ್ಷ
ಯಾವುದೋ ಮರಳಿನ ದೇಶದ ಟ್ಯಾಂಕುಗಳ ಹೊಟ್ಟೆಯೊಳಗೆ.
ಯಾವ ದೇಶ ಅಂದರೆ
ಡೀಸೆಲ್ ಪಂಪಿನ ಕಡೆ ತಿರುಗಿ ಕೂರುತ್ತಿದ್ದರು.

ನನಗಾಗ ಹದಿನಾರು. ಸ್ಪ್ಯಾನರು ಎತ್ತಿಕೊಡುವುದು,
ಹೊಳೆನರಸೀಪುರದ ಟ್ರ್ಯಾಕ್ಟರುಗಳಿಗೆ ಗ್ರೀಸು, ಟೀ ತರುವುದು.
ಕರೆಂಟು ಹೋದ ಸಂಜೆಗಳಲ್ಲಿ ಮಾತು ಬರುತ್ತಿತ್ತು:

"ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ, ಜವರೇಶ, ಅಷ್ಟು ಹೊಸವು.
ವರ್ಷಕ್ಕೊಂದು ಮೆರವಣಿಗೆ, ಆಮೇಲೆ ಟಾರ್ಪಾಲು.
ಗುಂಡು ಬೇರೆ ಊರಲ್ಲಿ, ಅದರ ಬೀಗದ ಕೈ ಬೇರೆ ಮನೆಯಲ್ಲಿ.
ಟ್ಯಾಂಕೂ ಗುಂಡೂ ಒಂದು ರಾತ್ರಿ ಒಟ್ಟಿಗೆ ಕಳೆದರೆ
ಅರಮನೆಗೆ ನಿದ್ದೆ ಬರುತ್ತಿರಲಿಲ್ಲ.
ಸೈನ್ಯ ಇತ್ತು. ಸೈನ್ಯವನ್ನು ಕಾಯಲು ಇನ್ನೊಂದು ಸೈನ್ಯ,
ಅವರ ಬೂಟು ಇನ್ನೂ ಒಳ್ಳೆಯವು.
ಅವರನ್ನು ಕಾಯಲು ಭಾವಮೈದುನರು.
ಗಡಿ ನೋಡಲು ಯಾರಿಗಿತ್ತು ಪುರುಸೊತ್ತು?"

ಕಾಂಪೌಂಡಿನಾಚೆಯಿಂದ ಸುಬೇದಾರ್ ಉತ್ತಯ್ಯ ನಕ್ಕು
"ಓಡಿಹೋಗುವ ಜನ ಬಿಡಿ ಸಾಬರೇ" ಅಂದರೆ
ಚಾಚಾರ ನಗು ಅಲ್ಲೇ ಆರುತ್ತಿತ್ತು.
"ಹುಡುಗರು ಓಡಲಿಲ್ಲ. ಹೇಳಿದ ಜಾಗದಲ್ಲೇ ನಿಂತರು.
ಶತ್ರು ಪಕ್ಕದಿಂದ ಬಂದ.
ಪಕ್ಕಕ್ಕೆ ತಿರುಗಲು ಅಪ್ಪಣೆ ಬೇಕಿತ್ತು,
ಅಪ್ಪಣೆ ಕೊಡುವವ ರಾಜಧಾನಿಯಲ್ಲಿ ಮಲಗಿದ್ದ,
ಎಬ್ಬಿಸಲು ಇನ್ನೊಬ್ಬನ ಅಪ್ಪಣೆ."

ಫಾರಿಸ್ ಅಂತ ಒಬ್ಬನಿದ್ದನಂತೆ, ಕುರಿ ಕಾಯುವವರ ಮಗ,
ಇಂಜಿನ್ನಿಗೆ ಕಿವಿಕೊಟ್ಟು ರೋಗ ಹೇಳುತ್ತಿದ್ದ.
ತರಬೇತಿಗೆ ಬಂದ ಪರದೇಶದವರು
ಒಬ್ಬೊಬ್ಬನಿಗೂ ಒಂದೊಂದು ಕೈಪಿಡಿ ಕೊಟ್ಟರು, ಅರಬ್ಬಿಯಲ್ಲೇ, ಚಿತ್ರ ಸಮೇತ.
ಅವರ ಜೀಪು ಗೇಟು ದಾಟಿದ ಮಧ್ಯಾಹ್ನವೇ
ಮೇಜರ್ ಎಲ್ಲವನ್ನೂ ಎಣಿಸಿ ವಾಪಸ್ ತೆಗೆದುಕೊಂಡ.
ಕಬ್ಬಿಣದ ಬೀರು.
'ಇವರಿಗೇ ಗೊತ್ತಾದರೆ ನನ್ನನ್ನು ಯಾರು ಕೇಳುತ್ತಾರೆ?'

"ಕೆಟ್ಟವನಲ್ಲ ಮೇಜರ್. ಈದ್‌ಗೆ ಖರ್ಜೂರದ ಡಬ್ಬಿ ಕೊಟ್ಟಿದ್ದ.
ಹೆದರಿದ್ದ. ಅವನ ಮೇಲಿನವನೂ.
ಯುದ್ಧದ ನಾಲ್ಕನೇ ದಿನ ಫಾರಿಸ್‌ನ ಟ್ಯಾಂಕು
ಒಂದು ಫಿಲ್ಟರಿಗೆ ನಿಂತಿತು. ಮರಳು ಕಟ್ಟಿತ್ತು, ಅಷ್ಟೇ.
ರೋಗ ಅವನಿಗೆ ಗೊತ್ತಿತ್ತು. ಯಾವ ನಟ್ಟು ಮೊದಲು, ಅದು ಗೊತ್ತಿರಲಿಲ್ಲ.
ಇಪ್ಪತ್ತು ನಿಮಿಷದ ಕೆಲಸ.
ಬೀರು ನೂರಾ ಎಂಬತ್ತು ಕಿಲೋಮೀಟರು ಹಿಂದಿತ್ತು."

ಆ ವಾರವೇ ಅರಸೀಕೆರೆಯಿಂದ ಒಂದು ಕೊಬ್ಬರಿ ಲಾರಿ,
ಪಂಪು ಕೂರಿಸಬೇಕು.
ಚಾಚಾ ಎಂದಿನಂತೆ: "ಹೋಗು, ಟೀ ತಗೊಂಡು ಬಾ."
ಮೂರು ವರ್ಷದಿಂದ
ಪಂಪು ಬಿಚ್ಚುವ ಹೊತ್ತಿಗೇ ಅವರಿಗೆ ಬಾಯಾರಿಕೆ.
ಅಳತೆಗಳೆಲ್ಲ ನೀಲಿ ಡೈರಿಯಲ್ಲಿ, ಡೈರಿ ಡ್ರಾಯರಿನಲ್ಲಿ,
ಡ್ರಾಯರಿನ ಕೀಲಿ ಬನಿಯನ್ನಿನ ಜೇಬಲ್ಲಿ.

ಫ್ಲಾಸ್ಕು ಎತ್ತಿಕೊಂಡೆ. ಹೊಸ್ತಿಲಲ್ಲಿ ನಿಂತು
ಏನೂ ಅಲ್ಲದ ಹಾಗೆ ಕೇಳಿದೆ:
"ಮೇಜರ್‌ಗೆ ಸಕ್ಕರೆ ಎಷ್ಟು?"

ಹದಿನೇಳರ ಸ್ಪ್ಯಾನರು
ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.
ಗೋಡೆಯಲ್ಲಿ ಆ ಗಾಯ ಈಗಲೂ ಇದೆ, ಸುಣ್ಣ ಬಳಿದಾಗಲೆಲ್ಲ ಬಿಟ್ಟು ಬಳಿಸುತ್ತೇನೆ.

ನಾಲ್ಕು ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.
ಐದನೇ ದಿನ ಹೋದರೆ ಬೆಂಚಿನ ಮೇಲೆ ಡೈರಿ, ತೆರೆದು ಬಿದ್ದಿತ್ತು.
ಬಗ್ಗಿ ನೋಡಿದೆ.
ಪುಟ ಪುಟವೂ ಉರ್ದು.
ಬಲದಿಂದ ಎಡಕ್ಕೆ ಹರಿಯುವ ಇರುವೆ ಸಾಲು.

ನನಗೆ ನಗು ಬಂತು, ಅಳುವೂ.
ಚಾಚಾ ಏನೂ ಅನ್ನದೆ ಪಕ್ಕ ಬಂದು ಕೂತರು,
ಗ್ರೀಸು ಮೆತ್ತಿದ ನನ್ನ ತೋರುಬೆರಳು ಹಿಡಿದು
ಮೊದಲ ಅಕ್ಷರದ ಮೇಲಿಟ್ಟರು.

"ಇದು ಪೇ," ಅಂದರು. "ಪಂಪಿನ ಪ.
ಅಲ್ಲಿಯವರ ಹತ್ತಿರ ಈ ಅಕ್ಷರ ಇಲ್ಲ.
ಫಾರಿಸ್ ಬಂಪು ಅನ್ನುತ್ತಿದ್ದ."