ಏಳು ಲೋಟ

ವಿಜಿಲ್ ಕಿತ್ತ ಕುಕ್ಕರು, ತಳದಲ್ಲಿ ಕಲ್ಲುಪ್ಪು:
ಮಾಲೂರಿನ ಈ ಬಾಡಿಗೆ ಮನೆಗೆ ಇದೇ ಓವನ್ನು.
ಮಫಿನ್ನಿಗೆ ಅಚ್ಚೆಂದರೆ ಕಾಫಿ ಲೋಟ.
ಇರುವುದು ಏಳು; ಬಂದವರು ಒಂಬತ್ತು ಜನ,
ದಸರಾ ರಜ ಮುಗಿಯೋವರೆಗೂ ಇರ್ತಾರಂತೆ.

ಸಂತೆಯ ಕ್ಯಾರೆಟ್ಟು, ಇನ್ನೂ ಮಣ್ಣು ಬಿಟ್ಟಿಲ್ಲ,
ಮುನಿರತ್ನಮ್ಮ ಕೊಟ್ಟ ಅರ್ಧ ಸಿಹಿಗುಂಬಳ,
ನೊಣ ಕೂರುವಷ್ಟು ಕಳಿತ ಎರಡು ಸೀಬೆ.

ನಾದಿನಿ ಪುಷ್ಪಲತ, ಉಗಾದಿಯಿಂದ ಮಾತಿಲ್ಲ,
ಬಾಗಿಲಿಗೆ ಒರಗಿ ನೋಡುತ್ತಾಳೆ.
ಆಮೇಲೆ ತುರಿಮಣೆ ಎಳೆದುಕೊಂಡು
ತುರಿಯುತ್ತಾಳೆ, ನನಗಿಂತ ಸಣ್ಣಗೆ.

"ಏಲಕ್ಕಿ?" ಅನ್ನುತ್ತಾಳೆ ಕುಂಬಳಕ್ಕೆ.
"ಡಬ್ಬೀಲಿ," ಅನ್ನುತ್ತೇನೆ ಕುಕ್ಕರಿಗೆ.

ಮೊದಲ ಒಬ್ಬೆ ತಳ ಹಿಡಿಯಿತು.
ಮಕ್ಕಳು ಕರಕನ್ನೇ ಕೆರೆದು ತಿಂದರು.
ಎರಡನೆಯದಕ್ಕೆ ಲೋಟ ತೊಳೆದವಳು ಅವಳು,
ಎಣ್ಣೆ ಸವರಿದ್ದು ನಾನು.

ರಾತ್ರಿ ಮಲಗಿದ ಮೇಲೂ
ಹಲ್ಲಿನ ಸಂದಿಯಲ್ಲಿ ಒಂದು ಸೀಬೆ ಬೀಜ.