ಕಾಲಂ ಹನ್ನೊಂದು

ಎನ್.ಆರ್. ಸರ್ಕಲ್ಲಿನ ನನ್ನ ಜೆರಾಕ್ಸ್ ಅಂಗಡಿಗೆ
ಮಂಗಳವಾರ, ಸಂತೆ ಗಲಾಟೆಯಲ್ಲಿ, ದ್ಯಾವಪ್ಪನೋರು ಬಂದರು.
ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ
ಒದ್ದೆ ಪೇಪರಿನಲ್ಲಿ ಸುತ್ತಿದ ಒಂದೇ ಹೂ.
"ಹೊಸ ತಳಿ ಕಣವ್ವ, ಟೈಪ್ ಮಾಡು."

ಮೂವತ್ತೆರಡು ವರ್ಷ ಈ ತಾಲ್ಲೂಕಿನ ಹಸುಗಳಿಗೆ
ಗಬ್ಬ ಕಟ್ಟಿಸಿದ ಕೈ.
ದುದ್ದದಿಂದ ಶಾಂತಿಗ್ರಾಮದವರೆಗೆ ಲೂನಾ ಹಿಂದೆ
ಹೊಗೆಯಾಡುವ ಡಬ್ಬ, ಭುಜದುದ್ದದ ಗ್ಲೌಸು.
ಊರೆಲ್ಲ ಡಾಕ್ಟ್ರೇ ಅಂದಿತು. ಡಾಕ್ಟರಲ್ಲ.
ರಿಟೈರಾದ ಮೇಲೆ ಅದೇ ಕೈ ಗುಲಾಬಿಗೆ ಇಳಿಯಿತು:
ಸಂಜೆ ಎಸಳು ಬಿಡಿಸಿ, ಕೇಸರ ಕಿತ್ತು,
ಬೆಣ್ಣೆಕಾಗದದ ಟೋಪಿ ತೊಡಿಸಿ,
ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು
ಮೊಮ್ಮಗಳ ಬ್ರಷ್ಷಿನಿಂದ ಸವರಿ.
ಕೊಂಬೆಗೆ ಕಟ್ಟಿದ್ದು ಕರುವಿನ ಕಿವಿಯ ಹಳದಿ ಬಿಲ್ಲೆ.

"ತಾಯಿ ಯಾವುದು?"
"ಕೋರ್ಟಿನ ಹಿಂದಿನ ಕ್ವಾರ್ಟರ್ಸಲ್ಲಿತ್ತು. ಈಗ ಅಲ್ಲಿ ಪಾರ್ಕಿಂಗು."
"ತಂದೆ?"
"ಬರ್ಕೊ, ನಂಬರ್ ಹದಿನಾಲ್ಕು."
ಕಡ್ಡಿಯಲ್ಲಿ ಬರುವ ಹೋರಿಗೆ ಹೆಸರಿರಲ್ಲ; ಆ ಅಭ್ಯಾಸ.

ಬಣ್ಣಕ್ಕೆ ಚಾರ್ಟಿನ ಸಂಖ್ಯೆ ಕೇಳಿದ್ದರು.
"ಗಿಣ್ಣು. ಈದ ಎರಡನೇ ದಿನದ್ದು.
ಅಂಚಿಗೆ ಕರುವಿನ ಮೂಗು."
ಹಳದಿ ಅಂತ ಹೊಡೆದೆ. ಪರದೆ ನೋಡಿ ಸುಮ್ಮನಾದರು.
ಅಳಿಸಿ, ಗಿಣ್ಣು ಅಂತಲೇ ಹೊಡೆದೆ.
"ವಾಸನೆ?"
"ಎಂಟರೊಳಗೆ ಬಂದರೆ ಇದೆ."

ಲಸಿಕೆಯ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ್ದು
ಇನ್ನೂರ ಹನ್ನೆರಡು ಬೀಜ. ಎದ್ದದ್ದು ಮೂವತ್ತೊಂದು.
ಬೂದಿರೋಗಕ್ಕೆ ಹೋಗಿ, ಪಕ್ಕದ ಮನೆ ಮೇಕೆಗೆ ಹೋಗಿ
ಇದೊಂದು ಉಳಿಯಿತು. ಏಳು ವರ್ಷ, ಅದೇ ಮುಖ.

ಕಾಲಂ ಹನ್ನೊಂದು: ಒಂದು ವರ್ಷಕ್ಕೂ ಹಿಂದೆ
ಸದರಿ ತಳಿಯನ್ನು ಮಾರಾಟ ಮಾಡಿದ್ದುಂಟೆ?

"ಮಾರಿಲ್ಲ. ಕೊಟ್ಟಿದೀನಿ."
ಪೋಸ್ಟ್‌ಮಾಸ್ಟರ ಮನೆಯವರಿಗೆ ಒಂದು ಕಡ್ಡಿ.
ಹಾಜಿರಾಬಿಗೆ ಎರಡು; ಆಕೆ ಆರು ಮೊಟ್ಟೆ ಕೊಟ್ಟಳು,
ಬೇಡ ಅನ್ನೋಕಾಗಲಿಲ್ಲ.
ಗಿಡದ ಗಾಡಿಯ ಹುಡುಗ ಒಬ್ಬ ಕೇಳಿದ, ಪಾಪ, ಅವನಿಗೆ ಒಂದು ಕಂತೆ.
"ಮೊಟ್ಟೆ ಇಸ್ಕೊಂಡ್ರೆ ಮಾರಾಟವೇನವ್ವ?"

ನನಗೆ ಕಾನೂನು ತಿಳಿಯದು.
ತಿಳಿದದ್ದು ಅಂಗಡಿ ಮೆಟ್ಟಿಲ ಮೇಲಿನ ಪೇಂಟಿನ ಡಬ್ಬ,
ಮೂರು ವರ್ಷದ ಹಿಂದೆ ಇದೇ ಸಂತೆಯಲ್ಲಿ
ಅರವತ್ತು ಹೇಳಿದ್ದನ್ನು ನಲವತ್ತಕ್ಕೆ ಇಳಿಸಿ ತಂದ ಗಿಡ.
ಇವತ್ತು ಮೂರು ಬಿಟ್ಟಿದೆ.
ಗಿಣ್ಣು. ಅಂಚಿಗೆ ಕರುವಿನ ಮೂಗು.
ಅವರು ಅದನ್ನು ದಾಟಿಯೇ ಒಳಗೆ ಬಂದದ್ದು.
ನೋಡಿದ ಹಾಗಿರಲಿಲ್ಲ.

ತಳಿಯ ಹೆಸರು ಇನ್ನೂ ಖಾಲಿ.
"ಯೋಚನೆ ಮಾಡಿ ಹೇಳ್ತೀನಿ" ಅಂದರು.
ಗಾಡಿಯ ಹುಡುಗ ಅವತ್ತೇ ಹೇಳಿದ್ದ:
"ತಗೊಳ್ಳಕ್ಕ, ಡಾಕ್ಟ್ರು ಗುಲಾಬಿ, ಸಾಯಲ್ಲ."

ಹೊರಗೆ ಯಾರೋ ಕೊತ್ತಂಬರಿ ಕೂಗುತ್ತಿದ್ದರು.
ಕರ್ಸರು ಮಿಣುಕಿತು, ಮಿಣುಕಿತು.
ಇಲ್ಲ, ಅಂತ ಹೊಡೆದೆ.

ಪುಟಕ್ಕೆ ಹತ್ತು, ಆರು ಪುಟ. ಎಣಿಸಿ ಕೊಟ್ಟು,
ಹೂವನ್ನು ಕೀಬೋರ್ಡಿನ ಮೇಲೆ ಬಿಟ್ಟು ಹೊರಟರು.
ಮೆಟ್ಟಿಲಲ್ಲಿ ಒಂದು ಗಳಿಗೆ ಬಗ್ಗಿ
ಡಬ್ಬದ ಗಿಡದಲ್ಲಿ, ಕಸಿಯ ಕೆಳಗಿಂದ ಎದ್ದ
ಕಾಡುಚಿಗುರನ್ನು ಚಿವುಟಿ
ಜೇಬಿಗೆ ಹಾಕಿಕೊಂಡರು.